ಎರಡು ಹತ್ತರ ಬಳೆ

ಇವತ್ತು ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಹಳೆಯ ಡಬ್ಬಿಯಿಂದ ಒಂದು ಹಸಿರು ಗಾಜಿನ ಬಳೆ ತೆಗೆದು ಕೈಗೇರಿಸಲು ಹೋದೆ. ಅದು ಹೆಬ್ಬೆರಳಿನ ಬುಡಕ್ಕೆ ಬಂದು ನಿಂತುಬಿಟ್ಟಿತು. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಕೊನೆಗೆ ಉಸಿರು ಬಿಗಿಹಿಡಿದೆ. ಉಸಿರು ಬಿಗಿಹಿಡಿದರೆ ಕೈ ಸಣ್ಣದಾಗುತ್ತದೆಂದು ನನಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಬಳೆ ಎರಡು ನಾಲ್ಕರದು, ನನ್ನ ಕೈ ಆ ಅಳತೆ ದಾಟಿ ಎಷ್ಟೋ ವರ್ಷವಾಗಿದೆ. ಕೊಪ್ಪಳದ ಕಾಲೇಜಿನ ಕುರ್ಚಿಯಲ್ಲಿ ಕೂತು ಜಾವಾ ಎಂಬ ಕಂಪ್ಯೂಟರ್ ಭಾಷೆಯ ಪಾಠ ಹೇಳುವ ಮೈ ಬೆಳೆಯದೆ ಇನ್ನೇನಾದೀತು, ನೀವೇ ಹೇಳಿ.

ಬಳೆ ತೊಡುವವರಿಗೆ ಇದನ್ನು ವಿವರಿಸಬೇಕಿಲ್ಲ, ಗಂಡಸರಿಗಾಗಿ ಹೇಳುತ್ತೇನೆ. ಬಳೆಯ ಅಳತೆ ಎರಡು ಎರಡು, ಎರಡು ನಾಲ್ಕು, ಎರಡು ಆರು, ಎರಡು ಎಂಟು, ಎರಡು ಹತ್ತು ಎಂದು ಏರುತ್ತ ಹೋಗುತ್ತದೆ. ಮೊದಲಿನ ಎರಡು ಎಂದರೆ ಬಳೆಯ ಒಳಗಿನ ಅಡ್ಡಳತೆ ಎರಡು ಇಂಚು. ಮುಂದಿನದು, ಒಂದು ಇಂಚನ್ನು ಹದಿನಾರು ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಎಂಬುದು. ಡಬ್ಬಿಯ ಮೇಲೆ ಮಾತ್ರ ನಡುವೆ ಒಂದು ಚುಕ್ಕೆ ಇಟ್ಟು 2.4, 2.10 ಎಂದು ಬರೆದಿರುತ್ತಾರೆ. ನಮ್ಮ ಅವ್ವನದು ಎರಡು ಹತ್ತರ ಕೈ. ಶ್ರೀರಾಮನಗರದ ಕಡೆ ಭತ್ತದ ನಾಟಿಗೆ ಹೋಗಿ ಹೋಗಿ ಅವಳ ಗೆಣ್ಣುಗಳು ದಪ್ಪಗಾಗಿದ್ದವು, ಅದಕ್ಕಿಂತ ಸಣ್ಣ ಬಳೆ ಅವುಗಳನ್ನು ದಾಟುತ್ತಲೇ ಇರಲಿಲ್ಲ.

ಆ ಚುಕ್ಕೆ ಒಂದು ಕಾಲಕ್ಕೆ ನನ್ನ ಮಾನ ಕಳೆಯುವುದರಲ್ಲಿತ್ತು. ಉಳಿಸಿದವಳು ಕನಕಗಿರಿ ಸಂತೆಯಲ್ಲಿ ಬಳೆ ಮಾರುವ ಹನುಮವ್ವ.

ಹನುಮವ್ವ ನಮ್ಮ ಓಣಿಯವಳು, ನಾನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಸಂತೆಯಲ್ಲಿ ತಾಡಪಾಲು ಹಾಸಿ, ಸಣ್ಣ ಅಳತೆಯಿಂದ ದೊಡ್ಡದಕ್ಕೆ ಸಾಲಾಗಿ ಡಬ್ಬಿಗಳನ್ನು ಜೋಡಿಸಿ ಕೂರುತ್ತಿದ್ದಳು. ನಾನು ರಜೆಯಲ್ಲಿ ಅವಳ ಪಕ್ಕ ಕೂತು ಒಡೆದ ಬಳೆ ಆರಿಸಿ ತೆಗೆಯುತ್ತಿದ್ದೆ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹನುಮವ್ವ ಯಾರನ್ನೂ ಅಳತೆ ಕೇಳಿದವಳಲ್ಲ. ಕೈ ಹಿಡಿದು ಒಂದು ಸಲ ಒತ್ತಿದಳೆಂದರೆ ಮುಗಿಯಿತು. ಇನ್ನೊಂದು ವಿಶೇಷವೆಂದರೆ ಅವಳ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಎರಡು ಆರು ಮುಗಿದಿದ್ದರೆ ಕೈ ಸೀದಾ ಪಕ್ಕದ ಎರಡು ಎಂಟರ ಡಬ್ಬಿಗೆ ಹೋಗುತ್ತಿತ್ತು, ಈಚೆ ಪಕ್ಕದ ಎರಡು ನಾಲ್ಕರ ಕಡೆಗೆ ಎಂದೂ ಹೋಗುತ್ತಿರಲಿಲ್ಲ. ಸಡಿಲಾದರೆ ನಡೆಯುತ್ತದೆ, ಬಿಗಿಯಾದರೆ ತೊಡಿಸುವಾಗಲೇ ಒಡೆದು ಕೈ ಕೊಯ್ಯುತ್ತದೆ ಎನ್ನುತ್ತಿದ್ದಳು. ಎರಡು ಹತ್ತನ್ನೂ ಮೀರಿದ ಕೈ ಬಂದರೆ ಒಂದೇ ಮಾತು: “ಮುಂದಿನ ಸಂತಿಗಿ ತಂದಿರ್ತೀನಿ, ಬಾ ಯವ್ವಾ.”

ಆಗ ನಾನು ದಿನಾ ಬಸ್ಸಿನಲ್ಲಿ ಗಂಗಾವತಿಗೆ ಹೋಗಿ ಬಿಸಿಎ ಓದುತ್ತಿದ್ದೆ. ಕೊನೆಯ ವರ್ಷ. ಜಾವಾದಲ್ಲಿ ಅದಾಗಲೇ ಒಂದು ಸಲ ಡುಮ್ಕಿ ಹೊಡೆದಿದ್ದೆ. ಈ ಸಲ ಪ್ರಾಜೆಕ್ಟಿನಲ್ಲೂ ಎಡವಿದರೆ ಓದು ಸಾಕು, ತನ್ನ ಜೊತೆ ನಾಟಿಗೆ ಬರಬೇಕು ಎಂದು ಅವ್ವ ಹೇಳಿಯಾಗಿತ್ತು. ಅವಳು ಗದರಿಸಿ ಹೇಳಿದ್ದರೆ ತಿರುಗಿ ಜಗಳ ಆಡಬಹುದಿತ್ತು. ಸಮಾಧಾನವಾಗಿ ಹೇಳಿದ್ದಳು, ಅದಕ್ಕೇ ನನಗೆ ಹೆದರಿಕೆ ಹತ್ತಿತು. ನಮ್ಮ ತರಗತಿಯಲ್ಲಿ ಗ್ರಂಥಾಲಯದ ಲೆಕ್ಕ ಇಡುವ ಪ್ರಾಜೆಕ್ಟ್ ಒಂದು ಕೈಯಿಂದ ಕೈಗೆ ಓಡಾಡುತ್ತಿತ್ತು, ಮೊದಲ ಹಾಳೆಯ ಹೆಸರು ಬದಲಾಯಿಸಿದರೆ ಆಯಿತು. ನನಗೆ ಮಾತ್ರ ಯಾರೂ ಅದನ್ನು ಕೊಡಲಿಲ್ಲ. ನನ್ನ ಬಾಯಿ ಆಗಲೂ ಇದೇ ಬಾಯಿ.

ಸರಿ, ಹನುಮವ್ವನ ಅಂಗಡಿಯನ್ನೇ ಕಂಪ್ಯೂಟರಿಗೆ ಹಾಕುತ್ತೇನೆಂದು ಹೊರಟೆ. ಯಾವ ಅಳತೆಯಲ್ಲಿ ಎಷ್ಟು ಡಜನ್ ಉಳಿದಿದೆ ಎಂದು ಹೇಳುವ ಪ್ರೋಗ್ರಾಂ. ಜಾವಾದಲ್ಲಿ ಇಂಥದ್ದಕ್ಕೆ ಮ್ಯಾಪ್ ಎಂಬುದಿದೆ. ಒಂದು ಕೀ, ಅದಕ್ಕೊಂದು ವ್ಯಾಲ್ಯೂ. ಇಲ್ಲಿ ಅಳತೆಯೇ ಕೀ, ಡಜನ್ನುಗಳ ಎಣಿಕೆ ವ್ಯಾಲ್ಯೂ. ಅದರಲ್ಲಿ ಹ್ಯಾಶ್‌ಮ್ಯಾಪ್ ಎಂಬುದು ಕೇಳಿದ ಕೀ ಇದ್ದರೆ ಥಟ್ಟನೆ ತೆಗೆದುಕೊಡುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಮುಖ ತಿರುಗಿಸುತ್ತದೆ. ಟ್ರೀಮ್ಯಾಪ್ ಹಾಗಲ್ಲ, ಕೀಗಳನ್ನು ಸದಾ ಸಾಲಾಗಿ ಜೋಡಿಸಿಟ್ಟುಕೊಂಡಿರುತ್ತದೆ. ನಾನು ಟ್ರೀಮ್ಯಾಪ್ ಆರಿಸಿಕೊಂಡದ್ದು ಯಾವ ಜಾಣತನದಿಂದಲೂ ಅಲ್ಲ, ಪಟ್ಟಿ ಸಾಲಾಗಿ ಬಂದರೆ ನೋಡಲು ಚಂದ ಎಂದಷ್ಟೇ. ಡಬ್ಬಿಯ ಮೇಲಿದ್ದ ಅಳತೆಗಳನ್ನು ಚುಕ್ಕೆಯ ಸಮೇತ ತುಂಬಿದೆ, ಲ್ಯಾಬಿನಲ್ಲಿ ಪ್ರಿಂಟ್ ತೆಗೆದೆ, ಸಂತೆಯ ದಿನ ಹೋಗಿ ಹನುಮವ್ವನ ಮುಂದೆ ಹಿಡಿದೆ. ದೊಡ್ಡ ಘನಂದಾರಿ ಕೆಲಸ ಮಾಡಿದವಳ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ.

ಹನುಮವ್ವನಿಗೆ ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತದೆ. ಬೆರಳಿಟ್ಟು ಮೇಲಿನಿಂದ ಓದಿದಳು. 2.1, 2.2, 2.4, 2.6, 2.8. ಮತ್ತೆ ಮೇಲಕ್ಕೆ ಹೋದಳು.

“ಎರಡು ಒಂದು ಅಂತ ಬಳೀನ ಇಲ್ಲಲ್ಲ ತಂಗಿ. ನನ್ನ ಎರಡು ಹತ್ತು ಎಲ್ಲಿ ಹೋತು?”

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ದೊಡ್ಡವ್ವ, ಅದು ಸಣ್ಣದರಿಂದ ದೊಡ್ಡದಕ್ಕೆ ತಾನೇ ಜೋಡಿಸುತ್ತದೆ, ನಿನಗೆ ತಿಳಿಯುವುದಿಲ್ಲ ಎಂದೆ. ಹೌದು, ಹಾಗೇ ಅಂದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಅವಳು ಸಿಟ್ಟಾಗಲಿಲ್ಲ. ಎರಡು ಹತ್ತರ ಒಂದು ಕೆಂಪು ಬಳೆ, ಎರಡು ಎರಡರ ಒಂದು ಹಸಿರು ಬಳೆ ತೆಗೆದಳು. ಕೆಂಪನ್ನು ಅಡ್ಡ ಹಿಡಿದು ಅದರೊಳಗಿಂದ ಹಸಿರನ್ನು ಕೆಳಗೆ ಬಿಟ್ಟಳು. ಅದು ಎಲ್ಲೂ ತಾಗದೆ ಅವಳ ಮಡಿಲಿಗೆ ಬಿತ್ತು.

“ಇದರಾಗಿಂದ ಹಾದು ಅದು ಹೋತು. ಈಗ ಹೇಳು, ಯಾವುದು ದೊಡ್ಡದು?”

ಕಂಪ್ಯೂಟರಿಗೆ ಗೊತ್ತಿದ್ದದ್ದು ದಶಾಂಶ ಮಾತ್ರ. 2.10ರ ಕೊನೆಯ ಸೊನ್ನೆಯನ್ನು ಕಿತ್ತು 2.1 ಮಾಡಿ, ಎಲ್ಲಕ್ಕಿಂತ ದೊಡ್ಡ ಬಳೆಯನ್ನು ಎಲ್ಲಕ್ಕಿಂತ ಮೊದಲು ಕೂರಿಸಿತ್ತು. ತಪ್ಪು ಅದರದ್ದಲ್ಲ. ಯಾವುದು ದೊಡ್ಡದು ಎಂದು ಅದಕ್ಕೆ ಹೇಳಿಕೊಡಬೇಕಾದವಳು ನಾನು, ನಾನೇ ಅದನ್ನು ಕೇಳಿ ತಿಳಿದುಕೊಂಡಿರಲಿಲ್ಲ. ಆ ಎರಡೂ ಬಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಮರುದಿನ ಲ್ಯಾಬಿಗೆ ಹೋದೆ. ಅಳತೆಗೆಂದೇ ಪ್ರೋಗ್ರಾಮಿನಲ್ಲಿ ಹೊಸದೊಂದು ಕ್ಲಾಸ್, ಅಂದರೆ ಅಚ್ಚು, ಬರೆದೆ. ಅದರಲ್ಲಿ ಇಂಚು ಬೇರೆ, ಪಾಲು ಬೇರೆ. ಎರಡು ಅಳತೆ ಎದುರಾದರೆ ಮೊದಲು ಇಂಚು ನೋಡು, ಇಂಚು ಸಮವಾದರೆ ಪಾಲು ನೋಡು. ಚುಕ್ಕೆಗೆ ಜಾಗವೇ ಇಟ್ಟಿರಲಿಲ್ಲ. ಎರಡು ಹತ್ತು ಪಟ್ಟಿಯ ಕೊನೆಗೆ ಹೋಗಿ ಕೂತಿತು. ಅಷ್ಟಕ್ಕೆ ಬಿಡಲಿಲ್ಲ. ಕೇಳಿದ ಅಳತೆ ಮುಗಿದಿದ್ದರೆ ಅದರ ಮುಂದಿನ ದೊಡ್ಡ ಅಳತೆ ಹೇಳುವ ಹಾಗೆ ಮಾಡಿದೆ, ಟ್ರೀಮ್ಯಾಪಿಗೆ ಆ ವಿದ್ಯೆ ಹುಟ್ಟಿನಿಂದಲೇ ಬರುತ್ತದೆ. ಎರಡು ಹತ್ತನ್ನೂ ಮೀರಿದ್ದನ್ನು ಕೇಳಿದರೆ ಏನು ಹೇಳಬೇಕೆಂಬುದನ್ನೂ ಬರೆದಿಟ್ಟೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಗ್ರಂಥಾಲಯದ ಪ್ರಾಜೆಕ್ಟನ್ನು ಎಂಟು ಸಲ ನೋಡಿ ರೋಸಿಹೋಗಿದ್ದರು. ನನ್ನ ಸರದಿ ಬಂದಾಗ ಮುಖ ಎತ್ತದೆಯೇ ಕೇಳಿದರು: “ಇದನ್ನ ಯಾರು ಮಾಡಿಕೊಟ್ರು?”

ನಾನೇ ಮಾಡಿದ್ದು ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದರು. ಹ್ಯಾಶ್‌ಮ್ಯಾಪ್ ಇದಕ್ಕಿಂತ ಬೇಗ ಕೆಲಸ ಮಾಡುತ್ತದಲ್ಲ, ಟ್ರೀಮ್ಯಾಪ್ ಯಾಕೆ, ಪುಸ್ತಕದ ಮಾತು ಬೇಡ, ನಿನ್ನ ಮಾತಿನಲ್ಲಿ ಹೇಳು ಎಂದರು. ಹುಟ್ಟಿದಾಗಿನಿಂದ ಸುಮ್ಮನಾಗದ ನನ್ನ ಬಾಯಿ ‘ನೋಡಲು ಚಂದ’ ಎನ್ನಲು ಹೊರಟಿತ್ತು, ತಡೆದುಕೊಂಡೆ. ಅವರು ಪೆನ್ನಿನ ಟೋಪಿ ತೆಗೆದರು. ಇನ್ನೇನು ಗೀಟು ಎಳೆಯುತ್ತಾರೆ, ಆಮೇಲೆ ನಾನುಂಟು, ಅವ್ವನ ಪಕ್ಕದ ಕೆಸರುಂಟು. ಕೈ ತಾನಾಗಿ ಚೀಲದೊಳಗೆ ಹೋಯಿತು. ಕೆಂಪು ಬಳೆಯನ್ನು ಅವರ ಮೇಜಿನ ಮೇಲೆ ಅಡ್ಡ ಹಿಡಿದು, ಹಸಿರನ್ನು ಅದರೊಳಗಿಂದ ಬಿಟ್ಟೆ. ಟಣ್ ಎಂದಿತು, ಒಡೆಯಲಿಲ್ಲ. ಅವರು ಮುಖ ಎತ್ತಿದರು.

ನೀವೇ ಒಂದು ಅಳತೆ ಕೇಳ್ರಿ ಸರ್ ಎಂದೆ. ನನ್ನನ್ನು ಸಿಕ್ಕಿಸಿಹಾಕಬೇಕೆಂದೇ ಇರಬೇಕು, ಅಂಗಡಿಯಲ್ಲೇ ಇಲ್ಲದ ಎರಡು ಏಳನ್ನು ಕೇಳಿದರು. ಪರದೆಯ ಮೇಲೆ ಎರಡು ಎಂಟು ಬಂತು. ಎರಡು ಆರು ಯಾಕೆ ಹೇಳಲಿಲ್ಲ, ಅದೂ ಅಷ್ಟೇ ಹತ್ತಿರ ಇದೆಯಲ್ಲ ಎಂದರು. ಬಿಗಿಯಾದರೆ ಕೈ ಕೊಯ್ಯುತ್ತದೆ ಸರ್ ಎಂದೆ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಎರಡು ಹದಿನಾಲ್ಕು ಎಂದು ತಾವೇ ಟೈಪ್ ಮಾಡಿದರು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಮೂಡಿತು: ಮುಂದಿನ ಸಂತಿಗಿ ತಂದಿರ್ತೀನಿ, ಬಾ ಯವ್ವಾ. ಪರೀಕ್ಷಕರು ಕನ್ನಡಕ ತೆಗೆದು ನಗಲಾರಂಭಿಸಿದರು. ಪಕ್ಕದ ಕೋಣೆಯಿಂದ ಜನ ಎದ್ದು ಬಂದು ನೋಡಿದರು. ನಗು ನಿಂತ ಮೇಲೆ ಅವರು ಬರೆದ ಅಂಕವನ್ನು ನಾನು ತಲೆಕೆಳಗಾಗಿಯೇ ಓದಿಕೊಂಡೆ. ಆ ಸಲ ಇಡೀ ಕಾಲೇಜಿಗೆ ಅದೇ ಹೆಚ್ಚಿನದು.

ಈ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಎರಡು ಬಳೆ ಹಿಡಿದು ತೋರಿಸಿಯೂ ತೋರಿಸುತ್ತೇನೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಹೇಳಿ ಹೇಳಿ ಕಥೆ ನುಣ್ಣಗಾಗಿದೆ. ಅದರಲ್ಲಿ ಹನುಮವ್ವ ‘ಒಬ್ಬ ಬಳೆಗಾರ್ತಿ’ ಆಗಿ, ಎರಡು ವರ್ಷದಿಂದ ಅದೂ ಬಿಟ್ಟುಹೋಗಿದೆ. ಅಂದಿನ ನನ್ನ ಪ್ರಾಜೆಕ್ಟ್ ವರದಿಯಲ್ಲೂ ಅವಳ ಹೆಸರಿರಲಿಲ್ಲ, ಮಾರ್ಗದರ್ಶಕರ ಹಾಳೆಯಲ್ಲಿ ಅದನ್ನು ತೆರೆದೂ ನೋಡದ ಒಬ್ಬರ ಹೆಸರಿತ್ತು. ಇವತ್ತು ಬೆಳಿಗ್ಗೆ ಕೈಗೆ ಸಿಕ್ಕಿಕೊಂಡ ಬಳೆಯನ್ನು ಬಿಡಿಸಿಕೊಳ್ಳುತ್ತ ಕೂತಾಗ ಇದು ನೆನಪಾಯಿತು, ನಾಚಿಕೆಯೂ ಆಯಿತು. ನಮ್ಮ ಲ್ಯಾಬಿನ ಪುಸ್ತಕವನ್ನು ಈ ವರ್ಷ ನಾನೇ ಬರೆಯುತ್ತಿದ್ದೇನೆ. ಒಂಬತ್ತನೆಯ ಪ್ರೋಗ್ರಾಂ ಬಳೆಯದು. ಕಾಲೇಜಿಗೆ ಹೋದವಳೇ ಅದರ ತಲೆಯ ಮೇಲೆ ಒಂದು ಸಾಲು ಸೇರಿಸಿ ಪ್ರಿಂಟ್ ತೆಗೆದೆ. ಇವತ್ತು ಸಂತೆ. ಮಧ್ಯಾಹ್ನ ಕನಕಗಿರಿಗೆ ಬಸ್ಸು ಹತ್ತಿದೆ.

ಅದೇ ತಾಡಪಾಲು, ಅದೇ ಸಾಲು. ಕೂದಲು ಪೂರ್ತಿ ಬೆಳ್ಳಗಾದ ಹನುಮವ್ವ ನನ್ನ ಕೈ ಹಿಡಿದು ಒತ್ತಿ ಎರಡು ಎಂಟರ ಡಬ್ಬಿ ತೆರೆದಳು. ಎರಡು ಆರು ಮುಗಿದಿದೆಯೇ ದೊಡ್ಡವ್ವ ಎಂದು ಆಸೆಯಿಂದ ಕೇಳಿದೆ. “ಎರಡು ಆರು ಬೇಕಾದಷ್ಟು ಐತಿ,” ಎಂದು ಎರಡು ಎಂಟನ್ನೇ ತೊಡಿಸಿದಳು.

ಆಮೇಲೆ ಹಾಳೆ ತೆಗೆದು ಓದಿದೆ: ಈ ಪಾಠ ಹೇಳಿಕೊಟ್ಟವರು ಹನುಮವ್ವ, ಬಳೆ ಅಂಗಡಿ, ಕನಕಗಿರಿ ಸಂತೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಇದನ್ನು ಎಷ್ಟು ಮಂದಿ ಓದುತ್ತಾರೆಂದು ಕೇಳಿದಳು. ವರ್ಷ ವರ್ಷ ಬರುವ ಎಲ್ಲ ಮಕ್ಕಳೂ ಓದುತ್ತಾರೆ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಎದುರಿನ ಪಾತ್ರೆ ಅಂಗಡಿಯವಳ ಕಡೆ ಗದ್ದ ಎತ್ತಿ ತೋರಿಸಿದಳು.

“ಇನ್ನೊಮ್ಮಿ ಓದು. ಆಕಿಗೂ ಕೇಳಲಿ.”

ನಾನು ಎದ್ದು ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಓದಿದೆ.