ಕತ್ತರಿಸಿದ ಮೂಲೆ

ಮೇಜಿನ ಮೇಲೆ ಬಿದ್ದಿದ್ದ ಒಂದು ಚೂರು ಬಿಳಿ ಕಾಗದವನ್ನು ಅಪ್ಪ ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಯಾರವ್ವಾ ಓದ್ರು?" ಅಂದರು.

"ಇನ್ನೂ ಯಾರೂ ಓದಿಲ್ಲಪ್ಪ. ಕಾರ್ಡ್ ಬೆಳಿಗ್ಗೆ ತಾನೇ ಕಳಿಸಿದ್ದು" ಅಂದೆ. ನಾನು ರಬ್ಬರ್ ಅಚ್ಚಿನ ಮಸಿ ಒರೆಸುತ್ತಿದ್ದೆ, ತಲೆ ಎತ್ತಲಿಲ್ಲ.

"ಓದೋದಲ್ಲ ಕಣವ್ವ, ಓಗೋದು. ಸತ್ತೋರು ಯಾರು ಅಂತ ಕೇಳ್ದೆ. ಕಾಗ್ದದ ಮೂಲೆ ಕತ್ತರ್ಸಿದ್ದೀಯಲ್ಲ."

ಆಗ ತಲೆ ಎತ್ತಿದೆ. ಅಪ್ಪನ ಎರಡು ಬೆರಳ ನಡುವೆ ಆ ಪುಟ್ಟ ತ್ರಿಕೋನ. ಅಚ್ಚನ್ನು ಕೆಳಗಿಟ್ಟೆ.

ಗ್ರೀಟಿಂಗ್ ಕಾರ್ಡ್ ಮಾಡುವ ಹುಚ್ಚು ನನಗೆ ಮೊಬೈಲಿನ ವಿಡಿಯೊಗಳಿಂದ ಹತ್ತಿದ್ದು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಊಟದ ಮೇಜು ಈಗ ಊಟಕ್ಕಿಲ್ಲ. ಅಲ್ಲಿ ಹಿಡಿ ತಿರುಗಿಸುವ ಪುಟ್ಟ ಯಂತ್ರವೊಂದು ಕೂತಿದೆ. ಹೂವಿನದೋ ಎಲೆಯದೋ ಆಕಾರದ ಉಕ್ಕಿನ ಅಚ್ಚನ್ನು ಕಾಗದದ ಮೇಲಿಟ್ಟು, ಎರಡು ಹಲಗೆಗಳ ನಡುವೆ ಸೇರಿಸಿ ತಿರುಗಿಸಿದರೆ, ಕಬ್ಬಿನ ಗಾಣದಲ್ಲಿ ಜಲ್ಲೆ ಹೋದಂತೆ ಈ ಕಡೆ ಹೋಗಿ ಆ ಕಡೆ ಬರುತ್ತದೆ. ಕಾಗದ ಮಾತ್ರ ಹೂವಾಗಿ ಬರುತ್ತದೆ. ಆ ಖುಷಿ ತಿರುಗಿಸಿದವರಿಗೇ ಗೊತ್ತು.

ಅವತ್ತಿನ ಕಾರ್ಡ್ ನನ್ನ ತಂಗಿಗೆ. ಅವಳು ಕೌದಳ್ಳಿಯಲ್ಲಿದ್ದಾಳೆ, ಆಗ ತುಂಬಿದ ಬಸುರಿ. ಮೊದಲಿನ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಬಿ.ಪಿ. ಜಾಸ್ತಿ, ಗಾಬರಿಯಾಗುವಂಥದ್ದೇನೂ ಕಿವಿಗೆ ಬೀಳಬಾರದು ಎಂದು ಡಾಕ್ಟರು ಗದರಿಸಿಯೇ ಹೇಳಿದ್ದರು. ಅಂಥ ಹೊತ್ತಿನಲ್ಲೇ ಅಪ್ಪನಿಗೆ ಎದೆನೋವು ಬಂದು, ಆಸ್ಪತ್ರೆ ಮುಗಿಸಿ ನಮ್ಮ ಮನೆಗೆ ಬಂದು ಮಲಗಿದ್ದರು. ಅಪ್ಪ ಚೆನ್ನಾಗಿದ್ದಾರೆ ಅಂತ ಎಷ್ಟು ಹೇಳಿದರೂ ಅವಳಿಗೆ ನಂಬಿಕೆಯಿಲ್ಲ. ಅವಳ ಮನಸ್ಸಿಗೆ ಸಮಾಧಾನವಾಗಲಿ ಅಂತಲೇ ಕಾರ್ಡ್ ಮಾಡಿದೆ. ತೆರೆದರೆ ತೊಟ್ಟಿಲು ಮೇಲೇಳಬೇಕು, ಸುತ್ತ ಮಲ್ಲಿಗೆ, ಗುಲಾಬಿ ಬಣ್ಣ. ಹೊರಗಡೆ ಮಾತ್ರ ವಿಡಿಯೊದವರ ಫ್ಯಾಷನ್: ಅಚ್ಚ ಬಿಳಿ ಕಾಗದ, ಕಪ್ಪು ಮಸಿಯಲ್ಲಿ ಒತ್ತಿದ ಎಲೆಗಳು, ಒಳಗಿನ ಗುಲಾಬಿ ಇಣುಕಲಿ ಅಂತ ಒಂದು ಮೂಲೆ ಕತ್ತರಿಸಿದ್ದು.

ಬಿಳಿ, ಕಪ್ಪು, ಕತ್ತರಿಸಿದ ಮೂಲೆ. ಸಾವಿನ ಕಾಗದ ಹೀಗೇ ಬರುತ್ತಿತ್ತು ನಮ್ಮ ಕಡೆ. ಓದಲು ಬಾರದವರಿಗೂ ಮೂಲೆ ನೋಡಿದರೆ ಸಾಕಿತ್ತು. ಅದನ್ನು ನಾನು ಪಾರದರ್ಶಕ ಕವರಿಗೆ ಹಾಕಿ, ಕೌದಳ್ಳಿ ದಾಟಿ ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೆ. ತಂಗಿಯ ಮನೆ ಬಸ್ ನಿಲ್ಲುವಲ್ಲೇ ಇದೆ. ಜಗಲಿ ಮೇಲೆ ಯಾವಾಗಲೂ ಅವಳ ಅತ್ತೆ ಕೂತಿರುತ್ತಾರೆ, ಅವರಿಗೆ ಅಕ್ಷರ ಬಾರದು.

ತಂಗಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅವಳ ಗಂಡನದು ಸ್ವಿಚ್ ಆಫ್.

"ನಡಿ, ಓಗವ" ಎಂದು ಅಪ್ಪ ಅಂಗಿ ಹಾಕಿಕೊಂಡರು.

"ನೀವು ಬಸ್ಸು ಹತ್ತೋ ಹಾಗಿಲ್ಲ ಅಂದಿದ್ದಾರೆ ಡಾಕ್ಟರು."

"ನೀನೊಬ್ಳೇ ಓಗಿ ಇಳುದ್ರೆ ಏನಂತ ತಿಳ್ಕತರೆ? ಇಳೀಬೇಕಾದೋನು ನಾನು ಕಣವ್ವ."

ಇಬ್ಬರೂ ಬಸ್ಸು ಹತ್ತಿದೆವು. ಹನೂರು ದಾಟುವವರೆಗೂ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅಪ್ಪನ ಮುಖ ನೋಡುತ್ತಿದ್ದೆ. ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಹಿಂದಿನ ಸೀಟಿನ ಬೆಟ್ಟದ ಭಕ್ತರೊಂದಿಗೆ ಅವರು ಹರಟುತ್ತಿದ್ದರು. ನನಗೆ ಸಿಟ್ಟೇ ಬಂತು. ಫೋನ್ ಮಾಡುತ್ತಲೇ ಇದ್ದೆ, ಅದು ಬಡಿದುಕೊಂಡು ಸುಮ್ಮನಾಗುತ್ತಲೇ ಇತ್ತು. ಆ ಮನೆಯಲ್ಲಿ ಈಗ ಏನು ನಡೆಯುತ್ತಿರಬಹುದು ಎಂದು ಯೋಚಿಸಬಾರದು ಅಂದುಕೊಂಡಷ್ಟೂ ಅದೇ ಕಣ್ಣ ಮುಂದೆ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಕುಸಿದ ತಂಗಿ, ಆಟೋ ಹುಡುಕುತ್ತಿರುವ ಜನ. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಕೌದಳ್ಳಿಯಲ್ಲಿ ಅಪ್ಪ ಮೊದಲು ಇಳಿದರು. ಜಗಲಿಯ ಮೇಲೆ ತಂಗಿಯ ಅತ್ತೆ ಒಬ್ಬರೇ ಕೂತಿದ್ದರು. ನಡು ಮಧ್ಯಾಹ್ನ, ಅವರ ತಲೆಕೂದಲು ಒದ್ದೆಯಾಗಿ ಬೆನ್ನಿನ ಮೇಲೆ ಬಿಚ್ಚಿಕೊಂಡಿತ್ತು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮಪ್ಪನ ಸಾವಿಗೆ ಅವರು ಸ್ನಾನ ಮಾಡಿ ಮುಗಿಸಿದ್ದರು.

ಅಪ್ಪನನ್ನು ಕಂಡು ಅವರು ಗೋಡೆ ಹಿಡಿದು ಎದ್ದರು.

"ಬದ್ಕಿವ್ನಿ ಕಣ್ರವ್ವಾ, ಇನ್ನೂ ಓಗಿಲ್ಲ" ಅಂದರು ಅಪ್ಪ.

ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು, ಸದ್ದಾಗದ ಹಾಗೆ. ಆಮೇಲೆ ಒಳಗೆ ಬೊಟ್ಟು ಮಾಡಿ ಪಿಸುಗುಟ್ಟಿದರು. "ಮಲ್ಗವ್ಳೆ. ಏನೂ ಗೊತ್ತಿಲ್ಲ ಅವ್ಳ್ಗೆ. ಯಾರಾರ ಫೋನ್ ಮಾಡಿ ಏಳ್ಬುಡ್ತರೆ ಅಂತ ಫೋನ ರಾಗಿ ಡಬ್ಬಕ್ಕಾಕ್ಬುಟ್ಟೆ. ಮಗ ಬರ್ಲಿ, ಎಂಗಾರ ಏಳವ ಅಂತ ಕೂತಿದ್ದೆ. ಎಂಗ್ ಏಳ್ಬೇಕೋ ತಿಳೀನಿಲ್ಲ ಕಣವ್ವ."

ಕೊಳ್ಳೇಗಾಲದಿಂದ ಅಂತ ಕಂಡಕ್ಟರ್ ಕೊಟ್ಟ ಕಾರ್ಡನ್ನು ಹೊಸ್ತಿಲು ದಾಟಿಸದೆ ಅಲ್ಲೇ ಹರಿದು, ಹಿತ್ತಲಿನ ನೀರೊಲೆಗೆ ಹಾಕಿದ್ದರಂತೆ. ಅಂಥ ಕಾಗದವನ್ನು ಮನೆಯೊಳಗೆ ತರಬಾರದು ತಾನೆ. ತೊಟ್ಟಿಲನ್ನು ಅವರು ತೆರೆದೇ ನೋಡಿರಲಿಲ್ಲ. ಈ ಹೆಂಗಸು ಒರಟು ಎಂದು ತಂಗಿಯ ಜೊತೆ ಸೇರಿ ಎಷ್ಟು ಸಲ ಆಡಿಕೊಂಡಿದ್ದೆ ನಾನು. ಅವರು ಅಷ್ಟು ಹೊತ್ತೂ ಆ ಸುದ್ದಿಯನ್ನು ಒಬ್ಬರೇ ಹೊತ್ತು ಕೂತಿದ್ದರು.

ಮಾತಿನ ಸದ್ದಿಗೆ ತಂಗಿ ಎದ್ದು ಬಾಗಿಲಿಗೆ ಬಂದಳು. ಅಪ್ಪನನ್ನು ಕಂಡು ಅವಳ ಮುಖ ಅರಳಿತು. "ಅತ್ತೆ, ಈ ಒತ್ನಲ್ಲಿ ಯಾಕೆ ತಲೆಗ್ ನೀರಾಕಂಡ್ರಿ?" ಅಂದಳು.

"ಶೆಕೆ ಕಣವ್ವ" ಅಂದರು ಅವರು.

ತಂಗಿ ಕಾಫಿಗಿಡಲು ಒಳಗೆ ಹೋದಳು. ಅಪ್ಪ ಹಿತ್ತಲಿಗೆ ನಡೆದರು, ನಾನು ಹಿಂದೆಯೇ ಹೋದೆ. ನೀರೊಲೆಯಲ್ಲಿ ಇನ್ನೂ ಕೆಂಡವಿತ್ತು. ಅಪ್ಪ ದಾರಿಯುದ್ದಕ್ಕೂ ಜೇಬಿನಲ್ಲಿಟ್ಟಿದ್ದ ಕೈಯನ್ನು ಆಗ ಹೊರಗೆ ತೆಗೆದರು. ಮುಷ್ಟಿ ಬಿಚ್ಚಿದರೆ ಆ ತ್ರಿಕೋನದ ಚೂರು, ಬೆವರಿಗೆ ಮುದ್ದೆಯಾಗಿತ್ತು. ಅದನ್ನು ಕೆಂಡಕ್ಕೆ ಹಾಕಿ, ಉರಿದು ಮುಗಿಯುವವರೆಗೂ ನೋಡಿದರು.

"ನಂಗೂ ಎದ್ರಿಕೆ ಆಯ್ತು ಕಣವ್ವ" ಅಂದರು.