ಊರಿನ ಹೊಗೆ ಕಂಡ ಮೇಲೆ

ಮೊನ್ನೆ ಬಡಗಿಯೊಬ್ಬ ಬಂದಿದ್ದ. ಮೇಜಿನ ಡ್ರಾಯರು ಬಿಗಿದುಕೊಂಡು ಎಷ್ಟೋ ದಿನವಾಗಿತ್ತು. ಅವನು ಅದನ್ನು ಎಳೆದು ತೆಗೆದು, ಮೇಣದ ಬತ್ತಿಯ ತುಂಡೊಂದನ್ನು ಬಿಸಿ ಮಾಡಿ ಅಂಚಿಗೆಲ್ಲ ಉಜ್ಜಿದ. ಮರದ ಮೇಲೆ ಮೇಣ ಕರಗುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಜಗಲಿಯ ಮೇಲಿದ್ದೆ. "ಅಜ್ಜೀ, ಆಯ್ತು ನೋಡಿ" ಎಂದು ಅವನು ಎರಡು ಸಲ ಕೂಗಿದನಂತೆ. ಎಲ್ಲಿ ಕೇಳಿಸಬೇಕು!

ನಮ್ಮ ಪಕ್ಕದ ಮನೆಯ ಮಾವ ಸರ್ವೆ ಕೆಲಸದವರು. ಅವರು ಒಕ್ಕಲಿಗರು, ನಾವು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಲಿಂಗಾಯತರು. ಹೆಂಡತಿ ಮಕ್ಕಳಿಲ್ಲದ ಒಂಟಿ ಮನುಷ್ಯ, ನಮ್ಮವ್ವನನ್ನು ಬಾಯಿತುಂಬ ಅಕ್ಕಾ ಅನ್ನುತ್ತಿದ್ದರು. ಅವ್ವನೂ ಅಷ್ಟೇ, ಹಬ್ಬದ ಹೋಳಿಗೆಯನ್ನು ಅವರಿಗೆ ಕಳಿಸದೆ ತಾನು ಮುಟ್ಟುತ್ತಿರಲಿಲ್ಲ. ಆದರೆ ಅವರ ಮನೆಯ ಒಂದು ಲೋಟ ನೀರು ನಾವು ಕುಡಿಯುವ ಹಾಗಿರಲಿಲ್ಲ! ಆ ಕಾಲವೇ ಹಾಗಿತ್ತು, ಏನು ಹೇಳೋಣ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದ. ನಮ್ಮಣ್ಣನಿಗೆ ಅಂಗಡಿಯಲ್ಲಿ ಕೂರುವುದೆಂದರೆ ಮೈಮೇಲೆ ಮುಳ್ಳು. ಮಾವನ ಹಿಂದೆ ಬಿದ್ದು ಅವರ ಕೆಲಸಕ್ಕೇ ಸೇರಿಕೊಂಡ.

ನಲವತ್ತರ ದಶಕದ ಕೊನೆಗೆ ಅವರಿಬ್ಬರನ್ನೂ ಹಿಮಾಲಯಕ್ಕೆ ಹೊರಟ ಒಂದು ತಂಡಕ್ಕೆ ಹಾಕಿದರು. ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ, ಅದೂ ಚಳಿಗಾಲದಲ್ಲೇ, ಹಿಮದ ಮೇಲೆ ದಾರಿ ಹುಡುಕಿ ಅಳೆಯುವ ಕೆಲಸ. ಅವ್ವ ಅತ್ತಳು, ಬೈದಳು, ಆಮೇಲೆ ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಕೊಟ್ಟಳು. ಹೊರಡುವ ದಿನ ಅಣ್ಣನ ಕೊರಳಿನ ಲಿಂಗವನ್ನು ಅವನ ಅಂಗೈಯಲ್ಲೇ ಹಿಡಿಸಿದಳು.

"ಪ್ರಾಣ ಹೋದ್ರೂ ಮಾಂಸ ಮುಟ್ಟಲ್ಲ ಅಂತ ಆಣೆ ಮಾಡು."

ಮಾಡಿದ. ನಗುನಗುತ್ತಲೇ ಮಾಡಿದ...

ಇಬ್ಬರಲ್ಲಿ ತಿರುಗಿ ಬಂದದ್ದು ಮಾವ ಒಬ್ಬರೇ. ಎಡಗಾಲಿನ ಬೆರಳುಗಳನ್ನು ಹಿಮ ತಿಂದುಹಾಕಿತ್ತು. ಜೊತೆಗೆ ಎರಡು ಉದ್ದನೆಯ ಹಲಗೆ ತಂದಿದ್ದರು, ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿ ಹೋಗುವಂಥವು. ಅವು ಅಣ್ಣನವು. ಅವನ್ನು ನಮ್ಮ ಜಗಲಿಗೆ ಒರಗಿಸಿ, "ಹಿಮ ಕುಸೀತು ಅಕ್ಕಾ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ..." ಎಂದರು.

ಆಮೇಲೆ ಭಾನುವಾರ ಬಂತೆಂದರೆ ಮಾವ ಜಗಲಿಗೆ ಬಂದು ಆ ಹಲಗೆಗಳಿಗೆ ಮೇಣ ಉಜ್ಜುತ್ತಾ ಕೂರುವರು. ಬೆಂಗಳೂರಿನ ಬಿಸಿಲಿನಲ್ಲಿ ಯಾರು ಜಾರಬೇಕಿತ್ತೋ! ಉಜ್ಜುತ್ತಲೇ ಆ ಪ್ರಯಾಣದ ಕಥೆ ಹೇಳುವರು. ಹತ್ತುವಾಗ ಹಿಂದಕ್ಕೆ ಜಾರದ ಹಾಗೆ ಹಲಗೆಯ ಅಡಿಗೆ ಚರ್ಮ ಕಟ್ಟುವುದು, ಹಿಮವಿಲ್ಲದ ಕಡೆ ಹಲಗೆಗಳನ್ನು ಹೆಗಲಿಗೇರಿಸಿ ಬರೀ ಬಂಡೆಗಳ ಮೇಲೆ ನಡೆಯುವುದು, ನಮ್ಮ ಬೆಂಗಳೂರಿನ ಕಹಳೆ ಬಂಡೆಯಂಥವನ್ನು ಎಷ್ಟು ದಾಟಿದರೂ ಎದುರಿಗೆ ಮತ್ತೆ ಅದೇ ಬಿಳುಪು... ವಾರಗಟ್ಟಲೆ ಹಾಗೆ ಸಾಗಿ, ಕೊನೆಯ ಇಳಿಜಾರಿನ ನೆತ್ತಿಯಲ್ಲಿ ನಿಂತಾಗ ಕೆಳಗೆ ಊರಿನ ಒಲೆಗಳ ಹೊಗೆ ಕಂಡಿತಂತೆ. ಅಲ್ಲಿಗೆ ಬಂದರೆ ಮಾವನ ಮಾತು ನಿಂತುಬಿಡುತ್ತಿತ್ತು.

ಒಂದು ದಿನ, ತಂಡದಲ್ಲಿ ಇವರಿಬ್ಬರಿಗಿಂತ ಮುಂದೆ ಸಾಗಿದ್ದ ಶೇಷಾದ್ರಿಪುರದ ಒಬ್ಬರು ಅವ್ವನನ್ನು ಮಾತನಾಡಿಸಿಕೊಂಡು ಹೋಗಲು ಬಂದರು. ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಕಾಫಿ ಕುಡಿಯುತ್ತಾ ಅಂದರು. "ಹಿಟ್ಟಿನ ಮೂಟೆಗಳೆಲ್ಲ ಕಮರಿಗೆ ಬಿದ್ದೋದ್ವು ತಾಯಿ. ಕೊನೇಲಿ ಮಾಂಸದ ಡಬ್ಬ ಬಿಟ್ರೆ ಇನ್ನೇನೂ ಉಳಿದಿರ್ಲಿಲ್ಲ."

ಅವ್ವ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅಂದಿನಿಂದ ಊಟಕ್ಕೆ ಕೂತರೆ ಅನ್ನ ಕಲಸುವಳು, ಹಾಗೇ ಎದ್ದುಬಿಡುವಳು. "ಉಪವಾಸ ಸತ್ನೇನೇ ಅವನು? ನನ್ನ ಆಣೆನೇ ನನ್ನ ಮಗನ್ನ ತಿಂತೇನೇ?" ಎಂದು ನನ್ನನ್ನು ಕೇಳುವಳು. ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಸೊರಗಿದಳು. ಡಾಕ್ಟರು ಕೊಟ್ಟ ಟಾನಿಕ್ಕು ಗೂಡಿನಲ್ಲೇ ಕೂತಿತ್ತು. ಹೀಗೇ ಬಿಟ್ಟರೆ ಅವ್ವನೂ ಕೈತಪ್ಪಿ ಹೋಗುತ್ತಾಳೆ ಎಂದು ಹೆದರಿ ಮಾವನ ಹಿತ್ತಲಿಗೆ ಓಡಿದೆ. ನಿಜ ಹೇಳಿ ಮಾವ ಎಂದು ಪಟ್ಟುಹಿಡಿದೆ.

ಅವರು ಬಾವಿಕಟ್ಟೆಯ ಮೇಲೆ ಕೂತಿದ್ದರು. "ಹಿಮ ಗಿಮ ಏನೂ ಕುಸೀಲಿಲ್ಲ ಕಣಮ್ಮ," ಅಂದರು. "ನಾನು ತಿನ್ನೋನು. ತಿಂದೆ, ಬದುಕಿದೆ. ಅವನ ಕಾಲಿಗೂ ಬಿದ್ದೆ. ಬಾಯಿಗೆ ತುರುಕಿದ್ರೆ ಉಗಿದುಬಿಟ್ಟ. ಅವ್ವಂಗೆ ಮಾತು ಕೊಟ್ಟಿದೀನಿ, ಅಗೋ ಊರು ಕಾಣ್ತಿದೆಯಲ್ಲ ಮಾವ, ಅಲ್ಲೇ ಹೋಗಿ ರೊಟ್ಟಿ ತಿಂತೀನಿ ಅಂದ. ಸ್ವಲ್ಪ ಕೂತ್ಕೋತೀನಿ ಅಂತ ಹಲಗೆ ಬಿಚ್ಚಿದ. ಕೂತೋನು ಏಳ್ಲಿಲ್ಲ."

ಇಬ್ಬರೂ ಅಲ್ಲೇ ಕೂತು ಅತ್ತೆವು. ಅವ್ವ ಅನ್ನ ಬಿಟ್ಟಿದ್ದಾಳೆ ಎಂದು ಹೇಳಿಯೇ ನಾನು ಎದ್ದೆ.

ಮರುದಿನ ಬೆಳಿಗ್ಗೆ ಬಂದು ಅವ್ವನೆದುರು ತಲೆ ತಗ್ಗಿಸಿ ನಿಂತರು. "ತಪ್ಪಾಯ್ತು ಅಕ್ಕಾ. ನಾನೇ ಅವನಿಗೆ ತಿನ್ನಿಸ್ಬಿಟ್ಟೆ. ಮೊದಲು ವಾಂತಿ ಮಾಡ್ಕೊಂಡ. ಆಮೇಲಾಮೇಲೆ ಕೇಳಿ ಹಾಕಿಸ್ಕೊಂಡ. ಹಿಮ ಕುಸಿದಾಗ ಅವನ ಹೊಟ್ಟೆ ತುಂಬಿತ್ತು."

ನಾನು ಕಂಬ ಹಿಡಿದು ನಿಂತಿದ್ದೆ. ಅವ್ವ ಎದ್ದಳು ನೋಡಿ! ಎಷ್ಟು ದಿನದಿಂದ ಎಲ್ಲಿತ್ತೋ ಆ ಶಕ್ತಿ! "ಮನೆಹಾಳ! ನಿನ್ನ ನಂಬಿ ಕಳಿಸಿದ್ನಲ್ಲೋ! ನನ್ನ ಮಗನ ಜಾತಿ ಕೆಡಿಸಿದ್ಯಲ್ಲೋ! ಇನ್ನೊಂದು ಸಲ ಈ ಹೊಸ್ತಿಲು ತುಳಿದ್ರೆ ನೋಡು!" ಬೀದಿಯೆಲ್ಲ ಬಂದು ನಿಂತಿತು. ಹಲಗೆಗಳನ್ನೂ ಬೀದಿಗೆಸೆದಳು. ಮಾವ ಅವನ್ನು ಎತ್ತಿಕೊಂಡು ಕುಂಟುತ್ತಾ ಹೋದರು. ಮಧ್ಯಾಹ್ನ ಅವ್ವ ತಾನೇ ಬಡಿಸಿಕೊಂಡು ಕೂತು, ಬೈಯುತ್ತಾ ಬೈಯುತ್ತಾ, ತಟ್ಟೆ ಖಾಲಿ ಮಾಡಿದಳು.

ಬೀದಿಯವರು ಮಾವನ ಜೊತೆ ಮಾತು ಬಿಟ್ಟರು. ನಾನು ನಿಜ ಹೇಳಿಬಿಡುತ್ತೇನೆ ಎಂದರೆ ಮಾವ ಕೈಮುಗಿಯುವರು. ಸಂಜೆ ಗೋಡೆಯಾಚೆಯಿಂದ ಮೆಲ್ಲಗೆ ಕೇಳುವರು.

"ಅಕ್ಕ ಉಂಡ್ರಾ?"

"ಉಂಡ್ಲು ಮಾವ."

"ಬೈದ್ರಾ?"

"ಬೈದ್ಲು."

"ಹಂಗಾದ್ರೆ ಸರಿ ಬಿಡು."

ವರ್ಷಗಟ್ಟಲೆ ಇದೇ ನಡೆಯಿತು.

ಐವತ್ತರ ದಶಕ ಮುಗಿಯುವ ಮುಂಚೆ ಅವ್ವ ಹೋದಳು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೊರಗಿಸಿ ಕೂರಿಸುತ್ತಾರೆ. ಹಾಗೆ ಕೂತಿದ್ದ ಅವ್ವನನ್ನು ನೋಡಲು ಮಾವ ಬಂದು ಗೇಟಿನ ಹೊರಗೇ ನಿಂತರು. "ಅವನು ಒಳಗೆ ಬರಕೂಡದು" ಎಂದು ಚಿಕ್ಕಪ್ಪ ಎಗರಾಡಿದ. ನಾನು ಕೇಳಲಿಲ್ಲ. ಹೋಗಿ ಕೈಹಿಡಿದು ಕರೆತಂದೆ. ಮಾವ ಅವ್ವನ ಕಿವಿಯ ಹತ್ತಿರ ಬಾಗಿದರು. ಮೆಲ್ಲಗೇ ಅಂದರು, ಆದರೂ ಎಲ್ಲರಿಗೂ ಕೇಳಿಸಿತು.

"ಅಕ್ಕಾ, ನಿಮ್ಮ ಮಗ ಮಾತು ಮೀರ್ಲಿಲ್ಲ."

ಚಿಕ್ಕಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಮಾವನೂ ಹೋಗಿ ಎಷ್ಟೋ ಕಾಲವಾಯಿತು. ಅವರಿಗಾಗಿ ಅಳುವವರು ನನ್ನ ಬಿಟ್ಟರೆ ಯಾರೂ ಇರಲಿಲ್ಲ, ಈಗ ಅವರನ್ನು ನೆನೆಯುವವಳೂ ನಾನೊಬ್ಬಳೇ. ಈ ವಯಸ್ಸಿನಲ್ಲಿ ಒಂದೇ ಚಿಂತೆ... ಆ ಮಾತು ಅವ್ವನಿಗೆ ಕೇಳಿಸಿತೋ ಇಲ್ಲವೋ ಎಂದು. ಕೇಳಿಸಿದ್ದರೆ ಮಗನ ಮೇಲೆ ಎಷ್ಟು ಹೆಮ್ಮೆ ಪಟ್ಟಿರುತ್ತಾಳೆ ಅಂದುಕೊಳ್ಳುತ್ತೇನೆ. ಮರುಗಳಿಗೆಯೇ, ಅಯ್ಯೋ ಶಿವನೇ, ಕೇಳಿಸದೇ ಇದ್ದಿದ್ದರೆ ಸಾಕಪ್ಪಾ, ಅಲ್ಲಿಯೂ ಅವಳು ಅನ್ನ ಬಿಟ್ಟು ಕೂತಾಳು ಅನ್ನಿಸುತ್ತದೆ.