ಗಾಳ ಕಟ್ಟಿಸುವ ಹಂಪಕ್ಕ
ಬೆಳಕು ಹರಿಯುವ ಮುಂಚೆ ಗುಡೇಕೋಟೆಯ ಹಂಪಕ್ಕ ಅಂಗಳ ಗುಡಿಸಿ, ನೀರು ತುಂಬಿ, ಎಮ್ಮೆ ಹಿಂಡಿ, ಎಂಟು ಮಂದಿಗೆ ರೊಟ್ಟಿ ಬಡಿದು, ಬಚ್ಚಲ ಹಿಂದಿನ ಹಸಿಮಣ್ಣು ಕೆದರಿ ಎರೆಹುಳು ಆರಿಸಿರುತ್ತಾಳೆ. ಅಷ್ಟರಲ್ಲಿ ಕೆರೆಗೆ ಹೊರಟ ಗಂಡಸರು ಅವಳ ಕಟ್ಟೆಯ ಮುಂದೆ ಸಾಲುಗಟ್ಟುತ್ತಾರೆ. ಯಾವ ಮೀನಿಗೆ ಯಾವ ದಾರವೆಂದು ಊರಲ್ಲಿ ಅವಳಷ್ಟು ಬಲ್ಲವರಿಲ್ಲ; ತಂಗೂಸಿ ಎಂಬ ನೈಲಾನ್ ದಾರವನ್ನು ತುಟಿಗೆ ಸವರಿಯೇ ಅದರ ಬಲ ಹೇಳುತ್ತಾಳೆ. “ಲೇ ಬಾಷಾ, ಜೊಂಡಿನಾಗ ದೊಡ್ಡ ಕೊರಮೀನು ಅದಾವ, ದಪ್ಪಂದು ಕಟ್ಟು. ಕಪ್ಪಿ ಸಿಗಿಸಿ ತಾವರಿ ಎಲಿ ಮ್ಯಾಲ ಕುಣಿಸು. ಕಚ್ಚಿದ ಕೂಡ್ಲೆ ಎಮ್ಮಿ ಹಗ್ಗ ಜಗ್ಗಿದಂಗ ಜಗ್ಗಬ್ಯಾಡ!” ಎಂದು ಗದರಿದರೆ, ಬಾಷಾ “ಆತು ಬಿಡ್ರಿ, ಮಾಸ್ತರ್ರ” ಎಂದು ಕೈಮುಗಿಯುತ್ತಾನೆ. ಅವಳು ಹೇಳಿದ ದಾರಕ್ಕೆ ಬಿದ್ದ ಮೀನನ್ನು ಹೆಗಲಿಗೇರಿಸಿ ಊರೆಲ್ಲ ಮೆರೆದವರಿದ್ದಾರೆ. ಅವಳು ಮಾತ್ರ ಇಪ್ಪತ್ತು ವರ್ಷದಿಂದ ತನ್ನ ಗಾಳಕ್ಕೆ ತೆಳು ದಾರವನ್ನೇ ಕಟ್ಟಿದ್ದಾಳೆ. ಅದಕ್ಕೆ ಸಣ್ಣ ಮೀನುಗಳು ಖಂಡಿತ ಬೀಳುತ್ತವೆ, ಮನೆಮಂದಿಯ ಸಾರಿಗೆ ಸಾಲುತ್ತವೆ. ದಪ್ಪ ದಾರಕ್ಕೆ ಬಿದ್ದರೆ ಕೊರಮೀನು, ಬೀಳದಿದ್ದರೆ ಬರಿಗೈ, ಮೇಲೆ ಅತ್ತೆಯ ಕೊಂಕು. ಇವತ್ತು ಗಂಡಸರೆಲ್ಲ ಆಚೆ ಜೊಂಡಿನ ಕಡೆ ಹೋದ ಮೇಲೆ ಕೆರೆ ಏರಿಯ ಮೇಲೆ ಒಬ್ಬಳೇ ಕೂತು, ಎರಡೂ ದಾರಗಳನ್ನು ಮಡಿಲಲ್ಲಿಟ್ಟು ನೋಡಿ, ಹಂಪಕ್ಕ ದಪ್ಪ ತಂಗೂಸಿಗೆ ಗಾಳ ಕಟ್ಟಿದಳು.